ಅಪ್ಪಣೆ ಮತ್ತು ಅಂತಃಸಾಕ್ಷಿ

ಪಿಯುಸಿ ಓದುತ್ತಿರುವ ಮಗನೋ ಮಗಳೋ "ನಾನು ಸೇನೆಗೆ ಸೇರುತ್ತೇನೆ" ಎಂದಾಗ ಮನೆಯಲ್ಲಿ ಹೆಮ್ಮೆ, ಭಯ ಎರಡೂ ಒಟ್ಟಿಗೇ ಹುಟ್ಟುತ್ತವೆ. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಒಮ್ಮೆ ಕಣ್ಣಾರೆ ನೋಡಿಬರಬೇಕೆಂಬ ಆಸೆಯೂ ಮೂಡುತ್ತದೆ. ಅದು ಕಾವಲಿನ ಆವರಣ. ಮೊದಲೇ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕಿತೆಂದರೆ ತಯಾರಿಯ ಗಡಿಬಿಡಿ: ಕ್ಷೌರ, ಬೂಟಿಗೆ ಪಾಲಿಶ್, ಸಾಮಾನ್ಯ ಜ್ಞಾನದ ಪುಸ್ತಕ. ಇವೆಲ್ಲ ಇರಲಿ. ಆದರೆ ಇನ್ನೊಂದು ತಯಾರಿಯೂ ಬೇಕು. "ನಾನು ಯಾರ ಮಾತಿಗೆ ವಿಧೇಯನಾಗುತ್ತೇನೆ? ಎಲ್ಲಿಯವರೆಗೆ?" ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದೇ ಆ ತಯಾರಿ.

ಹದಿನೇಳರ ಮಕ್ಕಳಿಗೆ ಇದು ಭಾರವಾಯಿತು ಎನ್ನುವವರಿರಬಹುದು. ಆದರೆ ಅಕಾಡೆಮಿ ಕರೆಯುವುದು ಆ ವಯಸ್ಸಿನವರನ್ನೇ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದವರಿಗೆ ಮಾತ್ರ ಅಲ್ಲಿ ಪ್ರವೇಶ. ಲಿಖಿತ ಪರೀಕ್ಷೆ, ಐದು ದಿನಗಳ ಸಂದರ್ಶನ, ವೈದ್ಯಕೀಯ ತಪಾಸಣೆ ದಾಟಿದರೆ 3 ವರ್ಷ ಖಡಕ್‌ವಾಸ್ಲಾದ ತರಬೇತಿ. ಭೂಸೇನೆಗೆ ಹೋಗುವವರಿಗೆ ಡೆಹ್ರಾಡೂನಿನಲ್ಲಿ ಮತ್ತೊಂದು ವರ್ಷ. 2022ರಿಂದ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿದರು. ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದಲ್ಲೇ ಇವರ ಒಂದು ಮಾತಿಗೆ ಜನರ ಪ್ರಾಣ ಉಳಿಯಬಹುದು, ಹೋಗಬಹುದು.

ವಿಧೇಯತೆಯಿಲ್ಲದೆ ಸೇನೆಯಿಲ್ಲ. ಗುಂಡು ಹಾರುವಾಗ ಚರ್ಚೆಗೆ ಹೊತ್ತಿಲ್ಲ. ಒಬ್ಬ ತಡಮಾಡಿದರೆ ಪಕ್ಕದವನು ಸಾಯುತ್ತಾನೆ. ಆದರೆ ವಿಧೇಯತೆ ಎಂದರೆ ಅಂತಃಸಾಕ್ಷಿಯನ್ನು ಹೆಬ್ಬಾಗಿಲಲ್ಲೇ ಕಳಚಿಟ್ಟು ಒಳಹೋಗುವುದಲ್ಲ. 1950ರ ನಮ್ಮ ಸೇನಾ ಕಾಯಿದೆಯ 41ನೇ ಕಲಮು ಅವಿಧೇಯತೆಗೆ ಶಿಕ್ಷೆ ವಿಧಿಸುವಾಗಲೂ 'ಕಾನೂನುಬದ್ಧ ಅಪ್ಪಣೆ' ಎಂದೇ ಹೇಳುತ್ತದೆ. "ಮೇಲಿನವರು ಹೇಳಿದರು, ಮಾಡಿದೆವು" ಎಂಬ ನೆಪವನ್ನು ನ್ಯೂರೆಂಬರ್ಗ್ ನ್ಯಾಯಾಲಯ 1946ರಲ್ಲಿ ಒಪ್ಪಲಿಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸೈನಿಕರನ್ನು ಜನರ ಭದ್ರತೆ, ಸ್ವಾತಂತ್ರ್ಯಗಳ ಸೇವಕರೆಂದು ಗೌರವಿಸಿತು. ಒಂದು ಜನಾಂಗವನ್ನೇ ಅಳಿಸುವಂಥ ಅಪ್ಪಣೆಗೆ ಕುರುಡು ವಿಧೇಯತೆ ತೋರಿದವರಿಗೆ ಕ್ಷಮೆಯಿಲ್ಲವೆಂದೂ ಅದೇ ದಾಖಲೆ ಸಾರಿತು.

ಹಾಗಾದರೆ ಅಂತಃಸಾಕ್ಷಿಯ 'ಒಲ್ಲೆ' ಯಾವುದು, ಬರಿಯ ಹಟಮಾರಿತನದ 'ಒಲ್ಲೆ' ಯಾವುದು? ಎರಡು ನಿದರ್ಶನಗಳನ್ನು ನೋಡೋಣ.

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಲ್ಲುತ್ತಿದ್ದರು. ಅದೇ ಸೇನೆಯ ಹ್ಯೂ ಥಾಂಪ್ಸನ್ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ ಕೆಲವರ ಪ್ರಾಣ ಉಳಿಸಿದ. ಸೇನೆ ಅವನಿಗೆ ಅದಕ್ಕಾಗಿ ಪದಕ ಕೊಟ್ಟದ್ದು 30 ವರ್ಷಗಳ ನಂತರ, 1998ರಲ್ಲಿ.

ಇನ್ನೊಂದು ನಿದರ್ಶನ ಖಡಕ್‌ವಾಸ್ಲಾದಲ್ಲೇ ಇದೆ. ಅಲ್ಲಿ ಕೆಡೆಟ್‌ಗಳು ಕವಾಯತು ಕಲಿಯುವ ಮೈದಾನಕ್ಕೆ ಅರುಣ್ ಖೇತರ್‌ಪಾಲ್ ಅವರ ಹೆಸರು. ಅದೇ ಅಕಾಡೆಮಿಯಲ್ಲಿ ಕಲಿತ ಅವರು 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಮಡಿದಾಗ ವಯಸ್ಸು 21. ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟು ಹೊರಬರಲು ಮೇಲಧಿಕಾರಿಗಳ ಅಪ್ಪಣೆಯಾಗಿತ್ತು. ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ಅವರು ಹೊರಬರಲಿಲ್ಲ. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ವಿಧೇಯತೆಯನ್ನು ಕಲಿಸುವ ನೆಲಕ್ಕೆ ಒಂದು ಅಪ್ಪಣೆಯನ್ನು ಮೀರಿದವರ ಹೆಸರು!

ಥಾಂಪ್ಸನ್ ಅನ್ಯಾಯವನ್ನು ತಡೆದ. ಖೇತರ್‌ಪಾಲ್ ತಮ್ಮ ಸುರಕ್ಷತೆಯನ್ನು ಒಲ್ಲೆನೆಂದರು. ಸಂದರ್ಭಗಳು ಬೇರೆ, ಆದರೆ ಇಬ್ಬರೂ ತಮ್ಮ ಲಾಭಕ್ಕಾಗಿ 'ಒಲ್ಲೆ' ಎನ್ನಲಿಲ್ಲ. ಅದರ ಬೆಲೆಯನ್ನು ತಾವೇ ತೆರಲು ಸಿದ್ಧರಿದ್ದರು. ಹಟಮಾರಿ ತನ್ನ ಸುಖಕ್ಕಾಗಿ ಮಾತು ಮೀರುತ್ತಾನೆ, ಬೆಲೆಯನ್ನು ಬೇರೆಯವರ ತಲೆಗೆ ಕಟ್ಟುತ್ತಾನೆ. ಇಬ್ಬರನ್ನೂ ಒರೆಹಚ್ಚಿ ನೋಡಲು ಇಷ್ಟು ಸಾಕು.

ಆದ್ದರಿಂದ ಅಕಾಡೆಮಿಗೆ ಹೋದಾಗ ಕಟ್ಟಡಗಳನ್ನಷ್ಟೇ ನೋಡಿ ಬರಬೇಡಿ. ಕೆಡೆಟ್ ಒಬ್ಬರೊಡನೆ ಮಾತಾಡುವ ಅವಕಾಶ ಸಿಕ್ಕರೆ ಹಿರಿಯರು ಕಿರಿಯರನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ಕೇಳಿ. ತಮ್ಮ ಬಳಿ ಬಂದ ಸೈನಿಕರಿಗೆ ಸ್ನಾನಿಕ ಯೊವಾನ್ನರು ಕತ್ತಿ ಬಿಸಾಡಿರೆಂದು ಹೇಳಲಿಲ್ಲ. ದುರ್ಬಲರನ್ನು ಹೆದರಿಸಿ ದೋಚಬೇಡಿ ಎಂದರು. ತರಬೇತಿಯಲ್ಲಿ ಗಾಯಗೊಂಡು ಮನೆಗೆ ಮರಳುವವರ ಗತಿಯೇನೆಂದೂ ಕೇಳಿ. ಆ ಯುವಕರ ಸಂಕಷ್ಟವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಮಡಿದ ಹಳೆಯ ವಿದ್ಯಾರ್ಥಿಗಳ ಸ್ಮಾರಕ ಮಂದಿರವೊಂದು ಅಲ್ಲಿದೆ. ಒಳಗೆ ಹೋಗಲು ಬಿಟ್ಟರೆ ಐದು ನಿಮಿಷ ಸುಮ್ಮನೆ ನಿಂತು ಬನ್ನಿ.

ತಂದೆತಾಯಿಗಳೇ, ಈ ತಯಾರಿ ನಿಮ್ಮ ಮನೆಯ ಊಟದ ಹೊತ್ತಿನಲ್ಲೇ ಮೊದಲಾಗಬೇಕು. ಬೆತ್ತದ ಭಯಕ್ಕೆ ಮಾತ್ರ ತಲೆಬಾಗಿ ಬೆಳೆದ ಮಗು ನಾಳೆ ಯಾವ ಬೆತ್ತಕ್ಕಾದರೂ ತಲೆಬಾಗೀತು. "ಅಪ್ಪಾ, ಇದು ಸರಿಯಲ್ಲ" ಎಂದು ಗೌರವದಿಂದಲೇ ಹೇಳುವ ಧೈರ್ಯ ನಿಮ್ಮ ಮನೆಯಲ್ಲಿ ಮಕ್ಕಳಿಗೆ ಇದೆಯೇ? ಸಮವಸ್ತ್ರದ ಆಸೆ ಮಗುವಿನದೋ, ನೀವು ಈಡೇರಿಸಿಕೊಳ್ಳಲಾಗದೆ ಉಳಿದ ಆಸೆಯೋ? ಇದನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಅಲ್ಲಿಂದ ಮರಳಿದ ಮೇಲೆ ಮಗ "ಸೇರುತ್ತೇನೆ" ಎಂದರೆ ಆಶೀರ್ವದಿಸಿ. "ಇದು ನನ್ನ ದಾರಿಯಲ್ಲ" ಎಂದರೆ ಹೇಡಿಯೆಂದು ಹೀಯಾಳಿಸಬೇಡಿ. ನೋಡಿ, ಯೋಚಿಸಿ, ಪ್ರಾರ್ಥಿಸಿ ಕೊಟ್ಟ ಉತ್ತರ ಯಾವುದಾದರೂ ಅದು ಅವನ ಅಂತಃಸಾಕ್ಷಿಯ ಮೊದಲ ಹೆಜ್ಜೆ.