ಪೊಲೀಸರ ವಕೀಲನೂ ಸತ್ಯಾಣುವ್ರತವೂ

ಧಾರವಾಡದಲ್ಲಿ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಆರಂಭವಾಗಿ, 2013ರಲ್ಲಿ ಕಾಯಂ ಪೀಠವಾಯಿತು. ಅಲ್ಲಿ ಪೊಲೀಸರಿಗೆ ಸಲಹೆಯಿತ್ತು ಅವರ ಪರವಾಗಿ ವಾದಿಸುವ ಶ್ರಾವಕನು ಅಣುವ್ರತಗಳನ್ನು ಪಾಲಿಸಬಲ್ಲನೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದುರ್ಬಲರ ರಕ್ಷಣೆಗಾಗಿ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಯು ಗೃಹಸ್ಥನಿಗೆ ಸರ್ವಥಾ ನಿಷಿದ್ಧವಲ್ಲ. ಆದುದರಿಂದ ಇಲ್ಲಿ ತೊಡಕಿರುವುದು ಅಹಿಂಸೆಗಿಂತ ಹೆಚ್ಚಾಗಿ ಸತ್ಯದಲ್ಲಿ.

ಸಂವಿಧಾನದ 22ನೆಯ ವಿಧಿಯಂತೆ, ಪ್ರಯಾಣಕಾಲವನ್ನುಳಿದು 24 ಗಂಟೆಗಳೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು. ಬಂಧನದ ವೇಳೆಯನ್ನು ಬರೆದು ಸಾಕ್ಷಿಯ ಸಹಿ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು ಡಿ. ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ವಿಧಿಸಿತು. ಎರಡು ದಿನ ಠಾಣೆಯಲ್ಲಿರಿಸಿ, ನಿನ್ನೆ ಸಂಜೆ ಹಿಡಿದೆವೆಂದು ಬರೆದರೆ ಅದು ತತ್ತ್ವಾರ್ಥಸೂತ್ರವು ಹೇಳುವ ಕೂಟಲೇಖಕ್ರಿಯೆ. ಹಾಗೆ ಬರೆಯಿರೆಂದ ವಕೀಲನದು ಮಿಥ್ಯೋಪದೇಶ. ಅರಿತೂ ಅದನ್ನು ಸಮರ್ಥಿಸಿ ವಾದಿಸಿದರೆ ಅನುಮೋದನೆಯ ದೋಷ ತಪ್ಪದು.

ಆದರೆ ನಂಬಿ ಹೇಳಿದವನ ರಹಸ್ಯವನ್ನು ಬಯಲುಮಾಡುವುದೂ ಅತಿಚಾರವೇ. ಹಾಗಾದರೆ ಮಾರ್ಗವೇನು? ಅಧಿಕಾರಿಗೆ ಏಕಾಂತದಲ್ಲಿ, ನಿಜವನ್ನೇ ನಿವೇದಿಸಿರೆಂದು ತಿಳಿಹೇಳಬೇಕು; ಒಪ್ಪದಿದ್ದರೆ ವಕಾಲತ್ತನ್ನು ಬಿಡಬೇಕು. ಸರ್ಕಾರಿ ಅಭಿಯೋಜಕನಿಗಾದರೋ ಈ ಮೌನಕ್ಕೂ ಅವಕಾಶವಿಲ್ಲ. ಆರೋಪಿಗೆ ನ್ಯಾಯವಾಗಿ ಸಲ್ಲಬೇಕಾದ ಅಂಶವು ತನಗೆ ತಿಳಿದುಬಂದರೆ ಅದನ್ನು ನ್ಯಾಯಾಲಯದ ಗಮನಕ್ಕೆ ತರುವುದು ಅವನ ಹೊಣೆಯೆಂದು ಶಿವಕುಮಾರ್ ಪ್ರಕರಣದ 1999ರ ತೀರ್ಪು ಸಾರಿದೆ. ಅವನು ವಾದಿಸುವುದು ರಾಜ್ಯದ ಪರವಾಗಿ, ಠಾಣೆಯ ಪರವಾಗಿ ಅಲ್ಲ.

ಹೀಗೆ ನಡೆದವನಿಗೆ ಹುದ್ದೆ ತಪ್ಪಬಹುದು, ವರಮಾನ ಕುಗ್ಗಬಹುದು. ಅಷ್ಟಮಿ-ಚತುರ್ದಶಿಗಳಲ್ಲಿ ಆಹಾರವನ್ನು ತ್ಯಜಿಸಬಲ್ಲ ಶ್ರಾವಕನು ಸತ್ಯಕ್ಕಾಗಿ ಒಂದು ಮೊಕದ್ದಮೆಯನ್ನು ತ್ಯಜಿಸಲಾರನೇ?