ಬೆಂಚ್ ಮೇಲಿನ ಸಂಬಳ

ಪುಣೆಯಲ್ಲಿ 18 ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿದ ನಾನು ಈಗ ಹುಬ್ಬಳ್ಳಿಯಲ್ಲಿ ಒಂದು ಫ್ರಾಂಚೈಸಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ. ವಯಸ್ಸಾದವರನ್ನು, ಅಂಗವಿಕಲರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಸೇವೆ. ಗಿರಾಕಿಗಳನ್ನು ಹುಡುಕಬೇಕಿಲ್ಲ, ಅವರು ನಾವೇ. ಅಪ್ಪ ಅವ್ವ ಊರಲ್ಲಿ; ನಾವು ಪುಣೆ, ಮುಂಬೈ, ಹೈದರಾಬಾದಿನಲ್ಲಿ.

“ರೊಕ್ಕ ತಗೊಂಡು ಮಾಡೂದು ಸೇವಾ ಹೆಂಗ ಆಕ್ಕೈತಿ?” ಎಂದು ನಮ್ಮ ಕಾಕಾ ಕೇಳಿದರು. ಆ ಪ್ರಶ್ನೆ ನನ್ನನ್ನು ಬಹಳ ಕಾಡಲಿಲ್ಲ. ಮಾಸ್ತರರೂ ನರ್ಸೂ ಸಂಬಳ ಪಡೆಯುತ್ತಾರೆ. ಅದರಿಂದ ಅವರ ಅಕ್ಕರೆ ಸುಳ್ಳಾಗುವುದಿಲ್ಲ. ಮಕ್ಕಳೇ ನೋಡಿಕೊಳ್ಳಬೇಕು ಎನ್ನುವ ಮನೆಗಳಲ್ಲೂ ನಿಜವಾಗಿ ನೋಡಿಕೊಂಡವಳು ಹೆಚ್ಚಾಗಿ ಸೊಸೆ. ಅವಳಿಗೆ ಕೂಲಿಯೂ ಇರಲಿಲ್ಲ, ಬೇಡವೆನ್ನುವ ಅವಕಾಶವೂ ಇರಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಲೆಕ್ಕದ ಹಾಳೆ. ಮೊದಲು ಫ್ರಾಂಚೈಸಿ ಶುಲ್ಕ, ಆಮೇಲೆ ಪ್ರತಿ ತಿಂಗಳು ರಾಯಲ್ಟಿ. ನನ್ನ ಮುಂದಿರುವ ಕರಾರಿನಲ್ಲಿ ರಾಯಲ್ಟಿ ಇರುವುದು ವಹಿವಾಟಿನ ಮೇಲೆ, ಲಾಭದ ಮೇಲಲ್ಲ. ನನಗೆ ನಷ್ಟವಾದರೂ ಅದನ್ನು ಕಟ್ಟಲೇಬೇಕು. ಆಫೀಸಿನ ಬಾಡಿಗೆಯೂ ಹಾಗೆಯೇ. ದರ ಏರಿಸಿದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಕಡಿಮೆ ಮಾಡಲು ಸಾಧ್ಯವಿರುವ ದೊಡ್ಡ ಖರ್ಚು ಒಂದೇ: 12 ತಾಸಿನ ಪಾಳಿಯಲ್ಲಿ ಅಜ್ಜನ ಮಗ್ಗುಲು ಬದಲಿಸುವ, ಡಯಾಪರ್ ಬದಲಿಸುವ ಹೆಣ್ಣುಮಗಳ ಸಂಬಳ.

ಆ ಸಂಬಳ ಕಡಿಮೆಯಾದರೆ ಅವಳು ಬಿಟ್ಟು ಹೋಗುತ್ತಾಳೆ. ಆಗ ನಡೆಯಲಾಗದ ಒಬ್ಬ ಹುಡುಗ ತನ್ನನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿದರೆ ನೋವಾಗುತ್ತದೆ ಎಂದು ಪ್ರತಿ ಹೊಸಬರಿಗೂ ಮತ್ತೆ ಕಲಿಸಬೇಕಾಗುತ್ತದೆ.

ಇನ್ನೊಂದು ಮಾತು ನಮ್ಮ ಉದ್ಯೋಗದವರಿಗೆ ಬೇಗ ಅರ್ಥವಾಗುತ್ತದೆ. ಪ್ರಾಜೆಕ್ಟು ಮುಗಿದರೆ ನಾವು ಕೆಲವು ವಾರ ಬೆಂಚ್ ಮೇಲೆ ಕೂರುತ್ತೇವೆ, ಸಂಬಳ ಬರುತ್ತಲೇ ಇರುತ್ತದೆ. ಅಜ್ಜ ತೀರಿಕೊಂಡರೆ ಅವಳ ಕೆಲಸ ಅಂದೇ ಮುಗಿಯುತ್ತದೆ. ತಿಂಗಳುಗಟ್ಟಲೆ ಉಣಿಸಿದವರನ್ನು ಕಳೆದುಕೊಂಡ ದಿನವೇ ದಿನಗೂಲಿಯೂ ಹೋಗುತ್ತದೆ. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ ಎಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಅದು ನನಗೆ ಹೇಗೋ ಅವಳಿಗೂ ಹಾಗೆಯೇ. ಅವಳಿಗೂ ಮನೆಯಲ್ಲಿ ಅವ್ವ ಇದ್ದಾಳೆ.

ಹಾಗಾಗಿ ಆರೈಕೆಯನ್ನು ಮಾರಬಹುದೇ ಎಂಬುದಕ್ಕಿಂತ, ಅದರಲ್ಲಿ ಬರುವ ನಷ್ಟವನ್ನು ಯಾರು ಹೊರಬೇಕು ಎಂಬುದೇ ನನಗೆ ನೀತಿಯ ಪ್ರಶ್ನೆಯಾಗಿ ಕಾಣುತ್ತದೆ. ಎರಡು ಮನೆಗಳ ನಡುವಿನ ಖಾಲಿ ದಿನಗಳ ಸಂಬಳ, ಅವಳ ಅವ್ವನಿಗೆ ಹುಷಾರಿಲ್ಲದಾಗಿನ ರಜೆ, ಇವೆರಡನ್ನೂ ನನ್ನ ಆದಾಯಕ್ಕಿಂತ ಮೇಲಿನ ಸಾಲಿನಲ್ಲಿ ಬರೆದಿದ್ದೇನೆ. ಹಾಗೆ ಬರೆದರೆ ಮೊದಲ ಎರಡು ವರ್ಷ ನನಗೇನೂ ಉಳಿಯುವುದಿಲ್ಲ. ಸಹಿ ಹಾಕುವುದಾದರೆ ಆ ಲೆಕ್ಕಕ್ಕೇ ಹಾಕಬೇಕು. ಎರಡು ವರ್ಷ ದೂಡುವಷ್ಟು ಉಳಿತಾಯ ನನ್ನ ಬಳಿ ಇದೆ. ಅವಳ ಬಳಿ ಎರಡು ವಾರದ್ದೂ ಇರುವುದಿಲ್ಲ.