ಶಾಲು ಮತ್ತು ರಾತ್ರಿ ಪಾಳಿ

ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಕಾಯುವವರು ಒಬ್ಬ ಮಾಜಿ ಸೈನಿಕರು. ಗೋಕಾಕದ ಕಡೆಯವರು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದವರು. 1999ರ ಕಾರ್ಗಿಲ್ ಯುದ್ಧದಲ್ಲಿ ಶೆಲ್ಲಿನ ಚೂರು ಬಡಿದು ಎಡ ಮೊಣಕಾಲು ಮಡಚದಂತಾಯಿತು. ತಡರಾತ್ರಿ ಕ್ಲೈಂಟ್ ಕಾಲ್ ಮುಗಿಸಿ ಕೆಳಗಿಳಿದಾಗ ಅವರೊಡನೆ ನಾಲ್ಕು ಮಾತು ಕನ್ನಡ ಆಡುವುದು ನನ್ನ ರೂಢಿ. ಎಲ್ಲರಂತೆ ನಾನೂ ಅವರನ್ನು ಕಾಕಾ ಎನ್ನುತ್ತೇನೆ.

ಯುದ್ಧದ ಬಗ್ಗೆ ಕೇಳಿದರೆ ಕಾಕಾ ಗುಂಡಿನ ಸುದ್ದಿ ಎತ್ತುವುದಿಲ್ಲ. ಬಾಯಾರಿಕೆಯ ಬಗ್ಗೆ ಹೇಳುತ್ತಾರೆ, ಇಡೀ ರಾತ್ರಿ ತಮ್ಮನ್ನು ಹೊತ್ತು ಬೆಟ್ಟ ಇಳಿಸಿದ ನಾಲ್ವರ ಬಗ್ಗೆ ಹೇಳುತ್ತಾರೆ. "ಕಲ್ಲಿಗೆ ಕಾಲು ತಾಗಿದಾಗೊಮ್ಮೆ ಬೈತಿದ್ದೆ ಸರ. ಅವ್ರು ಒಂದ್ ಮಾತು ತಿರುಗಿ ಅನ್ಲಿಲ್ಲ."

ಕಳೆದ ಆಗಸ್ಟ್ 15ರಂದು ನಮ್ಮ ಸೊಸೈಟಿ ಅವರಿಗೆ ಶಾಲು ಹೊದಿಸಿ ಸನ್ಮಾನಿಸಿತು. ಎರಡು ವಾರದ ನಂತರ ಕಮಿಟಿ ಸಭೆಯಲ್ಲಿ ನಾನೇ ಒಂದು ಸಲಹೆ ಕೊಟ್ಟೆ: ಕುಂಟುವ ಮನುಷ್ಯನಿಗೆ ರಾತ್ರಿ ಪಾಳಿ ಏಕೆ, ಹಗಲಿಗೆ ಹಾಕೋಣ. ಎಲ್ಲರೂ ಒಪ್ಪಿದರು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಮನೆಗೆ ಬಂದೆ.

ಮರುದಿನ ಕಾಕಾ ಹೇಳಿದರು: "ರಾತ್ರಿ ಕಾಲು ನಿದ್ದಿ ಮಾಡಗೊಡೂದಿಲ್ರಿ ಸರ. ಮನ್ಯಾಗ ಎಚ್ಚರಿದ್ರ ಹೆಂಡ್ತಿನೂ ಎಚ್ಚರ. ಇಲ್ಲೆ ಎಚ್ಚರಿದ್ರ ಪಗಾರ ಆದ್ರೂ ಬರ್ತೈತಿ. ಶಾಲು ಹೊದಿಸಾಕ ನನ್ನ ಕರದ್ರಿ. ಇದನ್ನ ಮಾತಾಡಾಕ ಕರೀಲಿಲ್ಲ."

ನನ್ನ ಕಸುಬೇ ಶೇಕಡಾ ಲೆಕ್ಕದ್ದು. ಗಾಯಗೊಂಡು ಸೇನೆಯಿಂದ ಹೊರಬಿದ್ದವರ ಪಿಂಚಣಿಗೂ ಅಂಥ ಲೆಕ್ಕವಿದೆ: ಅಂಗವೈಕಲ್ಯ ಶೇ. 50ಕ್ಕಿಂತ ಕಡಿಮೆಯಿದ್ದರೆ 50 ಎಂದು, 50ರಿಂದ 75ರವರೆಗಿದ್ದರೆ 75 ಎಂದು, ಅದಕ್ಕೂ ಮೇಲಿದ್ದರೆ 100 ಎಂದು ಹಿಡಿಯುತ್ತಾರೆ. ಲೆಕ್ಕ ಬೇಕು, ಇಲ್ಲದೆ ಪಿಂಚಣಿ ಕೊಡಲಾಗದು. ಆದರೆ ಅದು ಅಳೆಯುವುದು ಕಳೆದುಹೋದದ್ದನ್ನು. ಉಳಿದದ್ದರಲ್ಲಿ ಆತ ಹೇಗೆ ಬದುಕಬಯಸುತ್ತಾನೆ ಎಂಬುದು ಅವನನ್ನು ಕೇಳದೆ ತಿಳಿಯದು.

ಹಾಗಾದರೆ ಗಾಯಾಳು ಕೇಳಿದ್ದನ್ನೆಲ್ಲ ಕೊಡಬೇಕೇ? ಗೇಟಿನ ಭದ್ರತೆಯೂ ಮುಖ್ಯವಲ್ಲವೇ? ನ್ಯಾಯವಾದ ಪ್ರಶ್ನೆ. 1971ರ ಯುದ್ಧದಲ್ಲಿ ಗೂರ್ಖಾ ದಳದ ಇಯಾನ್ ಕಾರ್ಡೋಜೊ ನೆಲಬಾಂಬ್ ತುಳಿದರು. ಛಿದ್ರವಾದ ಕಾಲನ್ನು ತಮ್ಮ ಖುಕ್ರಿಯಿಂದ ತಾವೇ ಕತ್ತರಿಸಿಕೊಂಡರು. ಶಸ್ತ್ರಚಿಕಿತ್ಸೆ ಮಾಡಿದ್ದು ಸೆರೆಸಿಕ್ಕಿದ್ದ ಪಾಕಿಸ್ತಾನಿ ವೈದ್ಯ. ಮುಂದೆ ಕೃತಕ ಕಾಲಿನಲ್ಲೇ ದೈಹಿಕ ಪರೀಕ್ಷೆ ಪಾಸಾಗಿ, ಕಾಲ್ದಳದ ಬೆಟಾಲಿಯನ್ನನ್ನೂ ನಂತರ ಬ್ರಿಗೇಡನ್ನೂ ಮುನ್ನಡೆಸಿದರು. ಸೇನೆ ಅವರಿಗೆ ವಿನಾಯಿತಿ ಕೊಡಲಿಲ್ಲ, ಪರೀಕ್ಷೆ ಕೊಟ್ಟಿತು. ಪರೀಕ್ಷಿಸುವುದು ಅವಮಾನವಲ್ಲ. ಪರೀಕ್ಷಿಸದೆ, ಕೇಳದೆ, ಕನಿಕರದಿಂದ ತೀರ್ಮಾನಿಸುವುದು ಅವಮಾನ.

ಆದರೆ ಕಾರ್ಡೋಜೊ ಅವರ ಕಥೆ ಹೇಳುವಾಗ ನನಗೊಂದು ಅಳುಕೂ ಇದೆ. ಎಲ್ಲ ಗಾಯಾಳುಗಳೂ ಅವರಂತೆ ಪರ್ವತ ಕೀಳಲಿ ಎಂದು ನಿರೀಕ್ಷಿಸುವುದೂ ಒಂದು ಕ್ರೌರ್ಯ. ಕಾಕಾ ತಮ್ಮ ರಾತ್ರಿ ಪಾಳಿಗಾಗಿ ವೀರರಾಗಬೇಕಿಲ್ಲ. ಕೆಲಸ ಬಂದರೆ ಸಾಕು. ಆರು ವರ್ಷದಿಂದ ಅವರಿಗೆ ಅದು ಬರುತ್ತಿತ್ತು.

ಯೋಚಿಸಿದರೆ, ಶಾಲು ಹೊದಿಸಿದ್ದು ನಮ್ಮ ಸಮಾಧಾನಕ್ಕೆ, ಪಾಳಿ ಬದಲಿಸಿದ್ದೂ ನಮ್ಮ ಸಮಾಧಾನಕ್ಕೆ. ಕೃತಜ್ಞತೆ ಸಾಲ ತೀರಿಸುವ ಬಗೆಯಾದಾಗ ಹೀಗಾಗುತ್ತದೆ. ತೀರಿಸಿಬಿಟ್ಟರೆ ಆಮೇಲೆ ಆ ಮನುಷ್ಯನ ಮಾತು ಕೇಳುವ ಗೊಡವೆಯಿಲ್ಲ.

ಮುಂದಿನ ಸಭೆಗೆ ಕಾಕಾರನ್ನು ಕರೆದೆವು. ರಾತ್ರಿ ಪಾಳಿ ವಾಪಸು ಕೇಳಿದರು, ಜೊತೆಗೆ ಸ್ಟೂಲಿನ ಬದಲು ಕಾಲು ಚಾಚಲು ಬರುವ ಒಂದು ಕುರ್ಚಿ. ಆರು ವರ್ಷ ಅವರು ಆ ಸ್ಟೂಲಿನ ಮೇಲೆ ಕೂತಿದ್ದನ್ನು ನಾನು ದಿನವೂ ನೋಡಿದ್ದೆ. ಈಗ ಚಳಿ ಬಿದ್ದಿದೆ. ಕುರ್ಚಿಯಲ್ಲಿ ಕಾಲು ಚಾಚಿ, ನಾವು ಹೊದಿಸಿದ ಶಾಲನ್ನು ಮೊಣಕಾಲಿಗೆ ಸುತ್ತಿಕೊಂಡಿರುತ್ತಾರೆ.